ಅಡಿಕೆ ತೋಟದಲ್ಲಿ ಯಾರ ಮಾತು ಕೇಳಬೇಕು, ನಮ್ಮದಾ ತಜ್ಞರದಾ?

ಅಡಿಕೆ ತೋಟ ಇದ್ದವರಿಗೆ ಸಲಹೆಗೇನೂ ಬರ ಇಲ್ಲ. ಗೊಬ್ಬರದ ಅಂಗಡಿಯವರು ಒಂದು ಹೇಳುತ್ತಾರೆ, ಇಲಾಖೆಯವರು ಇನ್ನೊಂದು, ಪಕ್ಕದ ತೋಟದ ಭಾವ ಮತ್ತೊಂದು. ವಾಟ್ಸಾಪ್‌ನದ್ದು ಬಿಡಿ, ಅದಕ್ಕೆ ಲೆಕ್ಕವೇ ಇಲ್ಲ. ಎಲ್ಲರ ಮಾತೂ ಕೇಳಿ ಕೆಟ್ಟಿದ್ದೇನೆ, ಯಾರ ಮಾತೂ ಕೇಳದೆಯೂ ಕೆಟ್ಟಿದ್ದೇನೆ. ಈಗ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನನ್ನ ಅಂದಾಜು ತಪ್ಪಾದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ನಾಲ್ಕು ದಿನದಲ್ಲಿ ಗೊತ್ತಾಗುವುದಾದರೆ ನನ್ನ ಕಣ್ಣನ್ನೇ ನಂಬುತ್ತೇನೆ. ಗೊತ್ತಾಗುವಷ್ಟರಲ್ಲಿ ಬೆಳೆಯೇ ಹೋಗಿರುತ್ತದೆ ಅನ್ನುವುದಾದರೆ ತಿಳಿದವರ ಮಾತು ಕೇಳುತ್ತೇನೆ.

ನೀರಿನ ವಿಷಯ ನೋಡಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅನ್ನುವುದು ಶಿಫಾರಸು. ಆದರೆ ನಿಮ್ಮದು ಜಂಬಿಟ್ಟಿಗೆ ಮಣ್ಣಾ, ಹಳ್ಳದ ಬದಿಯ ಜಿಗುಟು ಮಣ್ಣಾ ಅನ್ನುವುದು ಆ ಲೆಕ್ಕಕ್ಕೆ ಗೊತ್ತಿಲ್ಲ. ಬುಡದ ಹತ್ತಿರ ಒಂದು ಗೇಣು ಕೆದಕಿ, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿದರೆ ಇವತ್ತು ನೀರು ಬೇಡ, ಪುಡಿಯಾಗಿ ಉದುರಿದರೆ ನೀರು ಬಿಡಿ. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ಹಾಗಲ್ಲ. ಕಾಯಿ ಉದುರುವುದು ಕಣ್ಣಿಗೆ ಬೀಳುವಷ್ಟರಲ್ಲಿ ಅದು ಒಂದು ಕೊನೆಯಿಂದ (ಅಡಿಕೆ ಗೊನೆಯಿಂದ) ಇನ್ನೊಂದು ಕೊನೆಗೆ ಹಬ್ಬಿರುತ್ತದೆ. ಇಲ್ಲಿ ಅದಕ್ಕೆ ಹೊಡೆಯುವ ತುತ್ತ-ಸುಣ್ಣದ ಮದ್ದು, ಅಂದರೆ ಬೋರ್ಡೋ ದ್ರಾವಣದ ಲೆಕ್ಕದಲ್ಲಿ ನಿಮ್ಮ ಬುದ್ಧಿ ಓಡಿಸಬೇಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಬರೆದಿದ್ದರು. ಅಷ್ಟು ವರ್ಷ ಪಳಗಿದ ಮದ್ದು ಇದು. ಒಂದು ಕೆಜಿ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕದಡಿ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ಫಳಫಳ ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಲೆ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಒಂದು ವರ್ಷ ನಾನು 'ಬಣ್ಣ ನೋಡಿದರೆ ಗೊತ್ತಾಗಲ್ವಾ' ಅಂತ ಚಾಕು ಹಿಡಿಯದೆ ಹೊಡೆಸಿದೆ. ಎಳೆಕಾಯಿ ಸುಟ್ಟು ಉದುರಿತು.

ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಅನ್ನುವುದೂ ತಜ್ಞರ ಲೆಕ್ಕವೇ. ಆದರೆ ಯಾವ ದಿನ ಅನ್ನುವುದು ನಿಮ್ಮದು. ಆ ಬೆಳಿಗ್ಗೆ ನಿಮ್ಮ ಗುಡ್ಡದ ಮೇಲೆ ಮೋಡ ಹೇಗಿದೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬರುತ್ತಾನಾ, ಮರ ಜಾರುತ್ತದಾ ಅನ್ನುವುದು ಆಫೀಸಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಎಲೆ ಹಳದಿಯಾಗುವುದು ಇನ್ನೂ ಕಷ್ಟದ್ದು. ಗೊಬ್ಬರದ ಕೊರತೆಗೂ ಹಳದಿ, ಬೇರಿನಲ್ಲಿ ನೀರು ನಿಂತರೂ ಹಳದಿ, ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯವರ ನಿದ್ದೆ ಕೆಡಿಸಿದ ಹಳದಿ ಎಲೆ ರೋಗಕ್ಕೂ ಹಳದಿ. ಆ ರೋಗಕ್ಕೆ ಮದ್ದಿಲ್ಲ, ಹಾಗಾಗಿ ಮದ್ದಿದೆ ಅನ್ನುವವರ ಹತ್ತಿರ ದುಡ್ಡು ಬಿಚ್ಚಬೇಡಿ. ನಮ್ಮ ಕೆಳಗಿನ ತುಂಡಿನಲ್ಲಿ ಹಳದಿ ಕಂಡಾಗ ಅಂಗಡಿಯವರೊಬ್ಬರು ಟಾನಿಕ್ ಕೊಟ್ಟರು, ಎರಡು ವರ್ಷ ತಂದು ಹಾಕಿದೆ. ಆಮೇಲೆ ನೋಡಿದರೆ ಬಸಿಗಾಲುವೆಯಲ್ಲಿ ಮಣ್ಣು ತುಂಬಿ ನೀರು ನಿಂತಿತ್ತು! ಒಂದು ಸಲ ಕಾಲುವೆ ಉದ್ದಕ್ಕೂ ನಡೆದಿದ್ದರೆ ಸಾಕಿತ್ತು. ಹಾಗಾಗಿ ಮೊದಲು ಕಾಲುವೆ ನೋಡಿ, ಅದು ಸರಿ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೂ ಅನುಮಾನ ಇದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಮಣ್ಣು ಒಂದೇ ಕಡೆಯಿಂದ ತೆಗೆಯಬೇಡಿ, ಹತ್ತು ಹನ್ನೆರಡು ಮರದ ಬುಡದಿಂದ ಎರಡಡಿ ದೂರದಲ್ಲಿ ತೆಗೆದು, ಕಲಸಿ, ಅರ್ಧ ಕೆಜಿ ಒಯ್ಯಿರಿ. ಮರಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಅನ್ನುವುದು ಎಲ್ಲರಿಗೂ ಹೇಳುವ ಲೆಕ್ಕ. ನಿಮ್ಮ ಮಣ್ಣಿನ ಚೀಟಿ ಬಂದ ಮೇಲೆ ಅದು ಬದಲಾಗಬಹುದು.

ತಜ್ಞರ ಹತ್ತಿರ ಹೋದಾಗ 'ಏನು ಹಾಕಲಿ ಸರ್' ಅಂತ ಮಾತ್ರ ಕೇಳಿ ಬರಬೇಡಿ. 'ನೀವು ಹೇಳಿದ್ದು ಸರಿ ಇದ್ದರೆ ಎಷ್ಟು ದಿನಕ್ಕೆ ಏನು ಕಾಣಬೇಕು? ಕಾಣದಿದ್ದರೆ ಏನು ಅಂತ ತಿಳಿಯಬೇಕು?' ಅಂತಲೂ ಕೇಳಿ. ಗೊತ್ತಿದ್ದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳಿದವರೇ ಅದನ್ನು ಮಾರುವವರಾದರೆ ಇನ್ನೊಬ್ಬರನ್ನೂ ಕೇಳಿ, ಅಷ್ಟೇ. ಅಂಗಡಿಯವರೆಲ್ಲ ಸುಳ್ಳು ಹೇಳುತ್ತಾರೆ ಅಂತಲ್ಲ, ನಮ್ಮೂರಿನಲ್ಲಿ ಒಬ್ಬರು 'ಇದು ನಿಮಗೆ ಬೇಡ' ಅಂತ ಬಾಟಲಿ ವಾಪಸ್ ಒಳಗಿಟ್ಟಿದ್ದೂ ಇದೆ.

ಹೊಸದೇನಾದರೂ ಇದ್ದರೆ ಇಡೀ ತೋಟಕ್ಕೆ ಸುರಿಯಬೇಡಿ. ಹತ್ತು ಮರಕ್ಕೆ ನೀಲಿ ಪೇಂಟಿನ ಪಟ್ಟಿ ಹೊಡೆದು ಅದಕ್ಕೆ ಮಾತ್ರ ಹಾಕಿ, ಅದೇ ಸಾಲಿನ ಇನ್ನು ಹತ್ತು ಮರಕ್ಕೆ ಏನೂ ಹಾಕದೆ ಬಿಡಿ. ಎರಡರ ಕೊನೆಯನ್ನೂ ಬೇರೆ ಬೇರೆ ತೂಗಿ. ಒಂದು ವರ್ಷದ ತೂಕ ನೋಡಿ ಕುಣಿಯಬೇಡಿ, ಅಡಿಕೆ ಒಂದು ವರ್ಷ ಬಿಟ್ಟ ಹಾಗೆ ಇನ್ನೊಂದು ವರ್ಷ ಬಿಡುವುದಿಲ್ಲ. ನಮ್ಮ ನೀಲಿ ಪಟ್ಟಿಗೆ ಇದು ಎರಡನೇ ವರ್ಷ. 'ಏನಾಯ್ತೋ ನಿನ್ನ ಮರ?' ಅಂತ ಭಾವ ಸಿಕ್ಕಾಗೆಲ್ಲ ಕೇಳುತ್ತಾನೆ. ಸುಗ್ಗಿ ಮುಗಿಯಲಿ ಅಂದಿದ್ದೇನೆ.