ಚೀಲದಲ್ಲಿ ಹಿಡಿಸದ ಫೋನು

ಫೋನು ಚೀಲದೊಳಗೆ ಬಿಗಿಯಾಗ್ತಿದೆ ಅನ್ನಿಸಿದಾಗ ನಾನು ಮೊದಲು ಬೈದದ್ದು ಚೀಲಕ್ಕೆ. ಒಗೆದು ಒಗೆದು ಚಿಕ್ಕದಾಗಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಕಟಿಂಗ್ ಮೇಜಿನ ಮೇಲೆ ಇಟ್ಟೆ, ಬೆರಳು ತಾಗಿದ್ದಕ್ಕೆ ಫೋನು ಬುಗುರಿ ಹಾಗೆ ಗಿರ್ರನೆ ತಿರುಗಿತು. ಬೆನ್ನು ಉಬ್ಬಿತ್ತು. ಒಳಗೆ ಬ್ಯಾಟರಿ ಊದಿಕೊಂಡಿತ್ತು.

ಬೆಂಗಳೂರಿನ ಶ್ರೀರಾಮಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲ್ಸು, ಸೀರೆ ಕುಚ್ಚು. ಫೋನು ರೆಡ್‌ಮಿ ನೋಟ್ 4. 2017ರ ಜನವರಿಯಲ್ಲಿ ಬಂದ ಮಾಡೆಲ್. ಆಗ ಫ್ಲಿಪ್‌ಕಾರ್ಟ್‌ನಲ್ಲಿ ಮಧ್ಯಾಹ್ನ 12 ಗಂಟೆಗೆ ಸೇಲ್ ಶುರುವಾದರೆ ನಿಮಿಷಗಳಲ್ಲಿ ಖಾಲಿ. ಪಕ್ಕದ ಮನೆ ಹುಡುಗ ಎರಡು ಸಲ ಸೋತು ಮೂರನೇ ಸಲ ಹಿಡಿದುಕೊಟ್ಟ. 3 ಜಿಬಿಯದ್ದು, 10,999 ರೂಪಾಯಿ. ಒಂದೇ ಮದುವೆ ಮನೆಯಿಂದ ಬಂದ 22 ಬ್ಲೌಸಿನ ದುಡ್ಡು ಅದಕ್ಕೇ ಹೋಯಿತು. ಆ ಮದುಮಗಳ ಬ್ಲೌಸಿನಲ್ಲಿ ಉಳಿದ ಮೆರೂನ್ ರೇಷ್ಮೆ ತುಂಡಿನಲ್ಲೇ ಈ ಚೀಲ ಹೊಲಿದದ್ದು.

ಊದಿದ ಬ್ಯಾಟರಿ ಅಂದರೆ ಒಳಗೆ ಗ್ಯಾಸ್ ಕಟ್ಟಿದೆ ಅಂತ ಅರ್ಥ. ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಸೂಜಿ, ಪಿನ್ನು, ಕತ್ತರಿ ತುಂಬಿದ ಮೇಜು ನನ್ನದು, ನೋಡಿ! ಆಫ್ ಮಾಡಿ ಸ್ಟೀಲ್ ತಟ್ಟೆಯಲ್ಲಿ ದೂರ ಇಟ್ಟೆ. ತಪ್ಪು ಫೋನಿನದ್ದಲ್ಲ. ಮೊದಲಿನ ಬ್ಯಾಟರಿ ನಾಲ್ಕು ವರ್ಷ ನಿಯತ್ತಾಗಿ ದುಡಿದಿತ್ತು. ಆಮೇಲೆ ಯಾವುದೋ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಡೂಪ್ಲಿಕೇಟ್ ಹಾಕಿಸಿದವಳು ನಾನೇ.

ಮಗಳು ಕಾಯುತ್ತಿದ್ದದ್ದೇ ಇದಕ್ಕೆ. ಸಂಜೆಯೊಳಗೆ ಹೊಸ ಫೋನು ಆರ್ಡರ್ ಮಾಡಿ ಮುಗಿಸಿದ್ದಳು. "ಎಂಟು ವರ್ಷ ಆಯ್ತಮ್ಮ, ಸಾಕು ಬಿಡು." ಎಂಟು ವರ್ಷ ಅನ್ನೋದು ನನಗೇನೂ ಜಾಸ್ತಿ ಅನ್ನಿಸಲಿಲ್ಲ. ನನ್ನ ಮೆಷಿನ್ನಿಗೆ ಅವಳಿಗಿಂತ ಜಾಸ್ತಿ ವಯಸ್ಸು.

ಆದರೆ ಹಳೇದರಲ್ಲಿ ಇದ್ದದ್ದನ್ನು ಹೊಸದಕ್ಕೆ ತರಬೇಕಲ್ವಾ, ಅದಕ್ಕೆ ಹಳೇದು ಆನ್ ಆಗಬೇಕಲ್ವಾ. ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರೋ ಎಸ್.ಪಿ. ರೋಡಿಗೆ ನಡೆದೆ. ಈ ಸಲ ನಾಲ್ಕು ಅಂಗಡಿ ವಿಚಾರಿಸಿದೆ. ರಿಪೇರಿ ಹುಡುಗ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬೆನ್ನು ಬಿಚ್ಚಿದ. ಸ್ಪೀಕರಿನ ಹತ್ತಿರ ಸಣ್ಣ ಬ್ರಷ್ಷಿನಲ್ಲಿ ಒರೆಸಿದರೆ ನೀಲಿ ಪುಡಿ ಉದುರಿತು. "ಏನ್ ಆಂಟಿ ಇದು, ಪೇಂಟಾ?" ಅಂದ. ಟೈಲರ್ ಚಾಕಿನ ಪುಡಿ. ಅದರ ಜೊತೆ ಒಂದು ಜರಿ ಎಳೆ. ಅದು ಹೇಗೆ ಒಳಗೆ ಹೋಯಿತೋ ದೇವರೇ ಬಲ್ಲ. ಅವನು ಊದಿ ಹಾರಿಸಿಬಿಟ್ಟ. ನನಗೆ ಸುಮ್ನೆ ಒಂಥರಾ ಆಯಿತು. "ಕೊಡ್ತೀರಾದ್ರೆ 600 ಕೊಡ್ತೀನಿ" ಅಂತಲೂ ಅಂದ. ಕೈಯಿಂದ ಕಿತ್ತುಕೊಂಡೇ ಬಂದೆ ಅನ್ನಿ.

ಹೊಸ ಬ್ಯಾಟರಿ ಬಿದ್ದ ಮೇಲೆ ಫೋನು ಚೆನ್ನಾಗಿಯೇ ಓಡಿತು. ಇನ್ನೆರಡು ವರ್ಷ ಬರುತ್ತೆ, ಆ ಹೊಸದನ್ನು ವಾಪಸ್ ಕಳಿಸು ಅಂದೆ ಮಗಳಿಗೆ. ಅವಳು ಬ್ಯಾಂಕಿನ ಆ್ಯಪ್ ತೆರೆದು ತೋರಿಸಿದಳು. ಈ ಆ್ಯಂಡ್ರಾಯ್ಡ್‌ಗೆ ಇನ್ನು ಕೆಲಸ ಮಾಡಲ್ಲ ಅಂತ ಬರೆದಿತ್ತು. ನನ್ನದು ಆ್ಯಂಡ್ರಾಯ್ಡ್ 7, ಅದರ ಮೇಲಿನದ್ದನ್ನು ಕಂಪನಿ ಈ ಫೋನಿಗೆ ಕೊಟ್ಟೇ ಇಲ್ಲ. ಅಲ್ಲಿಗೆ ನನ್ನ ವಾದ ಮುಗಿಯಿತು.

ವಾಟ್ಸ್ಯಾಪ್ ಸಾಗಿಸೋದು ಸುಲಭ. ಎರಡೂ ಫೋನು ಪಕ್ಕಪಕ್ಕ ಇಟ್ಟು, ಹಳೇದರ ಚಾಟ್ಸ್ ಸೆಟ್ಟಿಂಗಿನಲ್ಲಿ ಟ್ರಾನ್ಸ್‌ಫರ್ ಒತ್ತಿ, ಹೊಸದರ ಕ್ಯೂಆರ್ ಕೋಡ್ ಹಿಡಿದರೆ ನೇರ ಹೋಗುತ್ತದೆ. ಎರಡು ಲೈನಿಂಗ್ ಬ್ಲೌಸ್ ಹೊಲಿಯುವಷ್ಟು ಹೊತ್ತು ತಗೊಂಡಿತು. ಸಿಮ್ ಬದಲಾಯಿಸುವುದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಮತ್ತು ದೊಡ್ಡ ಪೇಮೆಂಟ್ ಇರುವ ದಿನ ಬೇಡ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆ 5000 ರೂಪಾಯಿ ಮೇಲೆ ಕಳಿಸೋಕಾಗಲ್ಲ. ಚಿಕ್ಕಪೇಟೆಯಲ್ಲಿ ಲೈನಿಂಗ್ ಬಟ್ಟೆ ಕಟ್ಟಿಸಿಕೊಂಡು ನಿಂತಾಗ ನನಗಿದು ಗೊತ್ತಾಯಿತು. ಅರ್ಧ ಬಂಡಲ್ ಅಲ್ಲೇ ಬಿಟ್ಟು ಬಂದೆ.

ನಂಬರುಗಳದ್ದೇ ಒಂದು ಕಥೆ. ಗೂಗಲ್ ಅಕೌಂಟಿಗೆ ಹಾಕಿದ್ದವು ತಾವಾಗೇ ಬಂದವು. ಫೋನಿನಲ್ಲೇ ಸೇವ್ ಮಾಡಿದ್ದವು ಬರಲಿಲ್ಲ. ಮಗಳು ಅವನ್ನೆಲ್ಲ ಒಂದು ಫೈಲ್ ಮಾಡಿ ಕಳಿಸಿದಳು. ಕಳಿಸುವ ಮೊದಲು ಓದುತ್ತಾ ಕೂತಳು. "ಎಡಗೈ ಅರ್ಧ ಇಂಚು", "6ನೇ ಕ್ರಾಸ್ ಹಸಿರು ರೇಷ್ಮೆ", "ಬೋಟ್ ನೆಕ್ ಟೀಚರ್", "ದುಡ್ಡು ಕೊಡಲ್ಲ", "ದುಡ್ಡು ಕೊಡಲ್ಲ 2". "ಇವರಿಗೆಲ್ಲ ಹೆಸರಿಲ್ವಾ ಅಮ್ಮ?" ಇರುತ್ತೆ ಕಣೇ, ನನಗೆ ಅಳತೆ ನೆನಪಿರುತ್ತೆ. ಡಿಲೀಟ್ ಮಾಡಲಾ ಅಂದಳು. ದುಡ್ಡು ಕೊಡದವರನ್ನಂತೂ ಬಿಲ್‌ಕುಲ್ ಬೇಡ ಅಂದೆ.

ಆ ರಾತ್ರಿ ಫೋಟೋ ಆರಿಸೋಕೆ ಕೂತೆ. ಅಳತೆ ಚೀಟಿ ಕಳೆದುಹೋಗುತ್ತೆ ಅಂತ ಬರೆದ ತಕ್ಷಣ ಫೋಟೋ ಹೊಡೆದಿಡೋದು ನನ್ನ ಅಭ್ಯಾಸ. ಹಾಗಾಗಿ ಫೋನಿನ ತುಂಬ ಚೀಟಿಗಳೇ. ಹಳೇ ಅಳತೆ ಯಾರಿಗೂ ಉಪಯೋಗ ಇಲ್ಲ, ಮೈ ಬದಲಾಗಿರುತ್ತೆ. ಒಂದೇ ಸಲ ಅಳಿಸಬೇಕು ಅಂತಲೇ ಶುರು ಮಾಡಿದ್ದು. ನಮ್ಮ ಬೀದಿಯ ಒಬ್ಬ ಹುಡುಗಿಯ ಚೀಟಿ ಸಿಕ್ಕಿತು. 2017ರ ಗೌರಿ ಹಬ್ಬಕ್ಕೆ ಲಂಗ ಬ್ಲೌಸು, ಭುಜ 11. ಮುಂದೆ ಕಾಲೇಜಿನ ಎಥ್ನಿಕ್ ಡೇಗೆ ಅಮ್ಮನ ಸೀರೆಗೆ ಬ್ಲೌಸು, ಭುಜ 13. ಕಳೆದ ವರ್ಷ ಧಾರೆ ಬ್ಲೌಸು, ಭುಜ 14, ತೋಳು ಮೊಣಕೈವರೆಗೆ. ಮೊದಲನೇ ಚೀಟಿಯ ಮೂಲೆಯಲ್ಲಿ ನನ್ನ ಕೈಬರಹದಲ್ಲೇ "ಬೆಳೀತಾಳೆ, 2 ಇಂಚು ಒಳಗೆ ಬಿಡಬೇಕು" ಅಂತಿತ್ತು. ಅಳಿಸೋ ಕೆಲಸ ಅಲ್ಲಿಗೇ ನಿಂತಿತು. ಎಲ್ಲವನ್ನೂ ಹೊಸದಕ್ಕೆ ಹಾಕಿಸಿದೆ. ಪುಣ್ಯಕ್ಕೆ ಅದರಲ್ಲಿ ಜಾಗ ಬೇಕಾದಷ್ಟಿದೆ.

ಹಳೇ ಫೋನಿನಿಂದ ಸಿಮ್ ತೆಗೆದೆ, ಬ್ಯಾಂಕಿನದ್ದು, ಯುಪಿಐಯದ್ದು ಎಲ್ಲ ಅಳಿಸಿದೆ. ಡ್ರಾಯರಿನಲ್ಲಿ ಇಡೋಣ ಅಂತಿದ್ದೆ. ಆಮೇಲೆ ನೆನಪಾಯಿತು, ಅದರಲ್ಲಿ ಎಫ್‌ಎಂ ರೇಡಿಯೋ ಇದೆ. ಇಯರ್‌ಫೋನ್ ವೈರೇ ಅದಕ್ಕೆ ಆಂಟೆನಾ. ಹೊಸದರಲ್ಲಿ ಇಯರ್‌ಫೋನ್ ಚುಚ್ಚೋ ತೂತೇ ಇಲ್ಲ. ಈಗ ಅದು ಮೆಷಿನ್ನಿನ ಮೇಲಿನ ಮೊಳೆಗೆ ಚೀಲದ ಸಮೇತ ನೇತಾಡುತ್ತದೆ. ಬೆಳಗ್ಗೆಯೆಲ್ಲ 101.3 ಕಾಮನಬಿಲ್ಲು. ಬ್ಯಾಟರಿ ತುಂಬಿದ ಮೇಲೆ ಚಾರ್ಜರ್ ಕಿತ್ತಿಡೋದು ಮರೆಯಲ್ಲ.

ಹೊಸ ಫೋನು ಆ ಚೀಲದಲ್ಲಿ ಹಿಡಿಸಲ್ಲ, ಹಳೇದಕ್ಕಿಂತ ಉದ್ದ. ಬಿಚ್ಚಿ ದೊಡ್ಡದು ಮಾಡೋಣ ಅಂತ ಒಳಗೆ ತಿರುಗಿಸಿ ನೋಡಿದೆ. ಊರಿನವರ ಬ್ಲೌಸಿಗೆಲ್ಲ ಒಳಗೆ ಬಟ್ಟೆ ಬಿಡುವ ನಾನು, ನನ್ನ ಚೀಲಕ್ಕೆ ಒಂದು ನೂಲೂ ಬಿಟ್ಟಿರಲಿಲ್ಲ.