ಬಲೆಗೆ ಬಿದ್ದ ಹಣ್ಣು ನೊಣ ಯಾವುದು? ಹೀಗೆ ನೋಡಿ
ಮಾವಿನ ತೋಟದ ಮೀಥೈಲ್ ಯೂಜಿನಾಲ್ (ಹಣ್ಣು ನೊಣವನ್ನು ವಾಸನೆಯಿಂದ ಸೆಳೆಯುವ ರಾಸಾಯನಿಕ) ಬಲೆಯಲ್ಲಿ ಸಿಕ್ಕಿದ್ದೆಲ್ಲ ಒಂದೇ ಜಾತಿ ಅಂದ್ಕೋಬೇಡಿ. ಅದಕ್ಕೆ ಬೀಳೋದು ಹೆಚ್ಚಾಗಿ ಗಂಡುಗಳೇ, ಹಾಗಾಗಿ ಹಿಂಬದಿಯಲ್ಲಿ ಮೊಟ್ಟೆ ಇಡುವ ಸೂಜಿ ಹುಡುಕ್ತಾ ಕೂರಬೇಡಿ. ನಾಲ್ಕಾರು ನೊಣ ಬಿಳಿ ಹಾಳೆ ಮೇಲೆ ಹಾಕಿ, ಲೆನ್ಸ್ ಹಿಡಿಯಿರಿ.

ಮೊದಲು ರೆಕ್ಕೆ. ಬಣ್ಣ ಆಮೇಲೆ ನೋಡಿದರಾಯ್ತು, ಸತ್ತ ನೊಣದ ಬಣ್ಣ ಮಾಸಿರುತ್ತೆ ಅಲ್ವಾ. ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ತೆಳು ಕಂದು ಪಟ್ಟಿ ಎಲ್ಲೂ ಕಡಿಯದೆ ತುದಿ ಮುಟ್ಟಿದ್ದರೆ, ಬೆನ್ನು ಬಹುಪಾಲು ಕಪ್ಪಾಗಿದ್ದು ಎರಡೂ ಪಕ್ಕ ಹಳದಿ ಗೆರೆ ಇದ್ದರೆ, ಅದು ಬಹುಶಃ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಅನ್ನೋ ಜಾತಿ. ಹೊಟ್ಟೆ ಮೇಲಿನ 'ಟಿ' ಗುರುತನ್ನೇ ನಂಬಿ ತೀರ್ಮಾನ ಮಾಡೋರು ಜಾಸ್ತಿ, ಆದರೆ ಅದು ಬೇರೆ ಜಾತಿಗಳಲ್ಲೂ ಇರುತ್ತೆ.

ಪಟ್ಟಿ ಮಧ್ಯೆ ಕಡಿದು ತುದಿಯಲ್ಲಿ ಬರೀ ಚುಕ್ಕೆ ಉಳಿದಿದೆಯಾ? ಹಾಗಾದರೆ ನೊಣವನ್ನು ತಿರುಗಿಸಿ ಮುಖ ನೋಡಿ. ಎರಡು ಕಪ್ಪು ಚುಕ್ಕೆ ಅಡ್ಡಕ್ಕೆ ಹರಡಿ ಹೆಚ್ಚುಕಮ್ಮಿ ಒಂದೇ ಗೆರೆಯಾಗಿದ್ದರೆ ಅದು ಬ್ಯಾಕ್ಟ್ರೊಸೆರಾ ಕರೆಕ್ಟಾ ಅನ್ನೋ ಜಾತಿ. ಬಿಡಿಬಿಡಿಯಾಗಿದ್ದು, ಮೈ ಕೆಂಗಂದು ಇದ್ದರೆ ಬ್ಯಾಕ್ಟ್ರೊಸೆರಾ ಝೊನೇಟಾ.

ಬೆನ್ನ ನಡುವೆ ಮೂರನೇ ಹಳದಿ ಗೆರೆ ಕಂಡರೆ ಹೀರೇಕಾಯಿ, ಹಾಗಲಕಾಯಿ ಕೊರೆಯುವ ನೊಣದ ಕಡೆ ಯೋಚಿಸಿ. ಅದಕ್ಕೆ ಕ್ಯೂಲೂರ್ ಅನ್ನೋ ಬೇರೆ ಆಕರ್ಷಕ ಇಟ್ಟ ಬಲೆಯೇ ಬೇಕು.