ಮೆಮು ದಿನಾ ಲೇಟಾದರೆ: ಪಾಸ್ ಪ್ರಯಾಣಿಕರು ದೂರು ಕೊಡುವ ಕ್ರಮ

"ರೈಲು ದಿನಾ ಲೇಟು, ಕ್ರಮ ಕೈಗೊಳ್ಳಿ" ಎಂದು ಬರೆದ ದೂರಿಗೆ ಸಿಗುವುದು ವಿಷಾದದ ಒಂದು ಸಾಲು. ಏಕೆಂದರೆ ರೈಲ್ವೆಯ ಲೆಕ್ಕದಲ್ಲಿ ಆ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಗಾಡಿ) ಲೇಟೇ ಆಗಿರಲಿಕ್ಕಿಲ್ಲ. ಸಮಯಪಾಲನೆಯನ್ನು ಮುಖ್ಯವಾಗಿ ಅಳೆಯುವುದು ಕೊನೆಯ ನಿಲ್ದಾಣದಲ್ಲಿ. ಅದಕ್ಕೂ ಮುಂಚಿನ ತುಂಡಿಗೆ ವೇಳಾಪಟ್ಟಿಯಲ್ಲಿ ಧಾರಾಳವಾಗಿ ಹೆಚ್ಚುವರಿ ನಿಮಿಷ ಸೇರಿಸಿರುತ್ತಾರೆ. ಮದ್ದೂರಿನಲ್ಲಿ ಇಪ್ಪತ್ತು ನಿಮಿಷ ಹಿಂದೆ ಬಿದ್ದ ಗಾಡಿಯೂ ಬೆಂಗಳೂರಿಗೆ ಸರಿಯಾದ ಸಮಯಕ್ಕೆ ಬಂತೆಂದು ದಾಖಲಾಗಬಹುದು. ನಡುವೆ ರಾಮನಗರದಲ್ಲೋ ಬಿಡದಿಯಲ್ಲೋ ಇಳಿದು ಕೆಲಸಕ್ಕೆ ಓಡುವವರ ಇಪ್ಪತ್ತು ನಿಮಿಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದು ಅನ್ಯಾಯ, ಮತ್ತು ದೂರು ಶುರುವಾಗಬೇಕಾದದ್ದು ಇಲ್ಲಿಂದಲೇ.

ಮೊದಲು ವೇಳಾಪಟ್ಟಿ ತೆಗೆಯಿರಿ. ಕೆಂಗೇರಿಯಿಂದ ಕೆಎಸ್‌ಆರ್ ಬೆಂಗಳೂರಿಗೆ ಬರುವ ನಿಮ್ಮ ಗಾಡಿಗೆ ಎಷ್ಟು ನಿಮಿಷ ಕೊಟ್ಟಿದ್ದಾರೆ, ಬೆಂಗಳೂರಿನಿಂದ ಹೊರಡುವ ಗಾಡಿಗೆ ಕೆಂಗೇರಿವರೆಗೆ ಎಷ್ಟು ಕೊಟ್ಟಿದ್ದಾರೆ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ದೂರ ಒಂದೇ, ಹಳಿಯೂ ಅದೇ ಮಾರ್ಗದ್ದು. ಬೇರೆ ಮಾರ್ಗದವರು ತಮ್ಮ ಕೊನೆಯ ಎರಡು ನಿಲ್ದಾಣಗಳಿಗೆ ಹೀಗೇ ಮಾಡಬಹುದು. ಆ ವ್ಯತ್ಯಾಸವೇ ಮೊದಲ ಸಾಕ್ಷಿ.

ಆಮೇಲೆ ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದರೆ ಸಾಕು: ತಾರೀಖು, ಐದಂಕಿಯ ಗಾಡಿ ಸಂಖ್ಯೆ, ನಿಲ್ದಾಣ, ನಿಗದಿತ ಸಮಯ, ಬಂದ ಸಮಯ, ಎಲ್ಲಿ ಎಷ್ಟು ಹೊತ್ತು ನಿಂತಿತು. ಉದಾಹರಣೆಗೆ, "ಬಿಡದಿ, ನಿಗದಿ 7:42, ಬಂದದ್ದು 8:05, ಚನ್ನಪಟ್ಟಣದ ಲೂಪ್‌ನಲ್ಲಿ (ಪಕ್ಕದ ಹಳಿಯಲ್ಲಿ) 16 ನಿಮಿಷ, ಹಿಂದಿನ ಎಕ್ಸ್‌ಪ್ರೆಸ್ ದಾಟಿ ಹೋಯಿತು." ಕೊನೆಯ ಭಾಗವನ್ನು ಮಾತ್ರ ಬಿಡಬೇಡಿ. ಜೋಡಿ ಹಳಿಯಲ್ಲಿ ಮೆಮು ನಿಲ್ಲುವುದು ಹೆಚ್ಚಾಗಿ ವೇಗದ ಗಾಡಿಗೆ ದಾರಿ ಬಿಡಲು. ಹೊರಡುವ ಸಮಯವನ್ನು ಹತ್ತು ನಿಮಿಷ ಆಚೀಚೆ ಮಾಡಿದರೆ ಅದು ಸರಿಹೋಗಬಹುದು. ಒಂಟಿ ಹಳಿಯಲ್ಲಿ ಕ್ರಾಸಿಂಗ್ ಸಮಸ್ಯೆ, ಅಂದರೆ ಎದುರಿನ ಗಾಡಿಗೆ ಕಾಯುವುದು. ಔಟರ್‌ನಲ್ಲಿ (ನಿಲ್ದಾಣದ ಹೊರಗಿನ ಸಿಗ್ನಲ್ ಬಳಿ) ನಿಲ್ಲಿಸುತ್ತಿದ್ದರೆ ಒಳಗೆ ಪ್ಲಾಟ್‌ಫಾರ್ಮ್ ಖಾಲಿಯಿಲ್ಲ ಎಂದರ್ಥ. ಕಾರಣ ಬೇರೆಯಾದರೆ ಪರಿಹಾರವೂ ಬೇರೆ. ಅದನ್ನು ಹೆಸರಿಸಿ ಕೇಳಿದವರನ್ನು ಸಾಗಹಾಕುವುದು ಕಷ್ಟ.

ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಗಾಡಿಯ ಓಡಾಟದ ಸ್ಕ್ರೀನ್‌ಶಾಟ್ ಅನ್ನು ಅದೇ ದಿನ ತೆಗೆದಿಡಿ. ಹಳೆಯ ದಿನಗಳದ್ದು ಆಮೇಲೆ ಅಲ್ಲಿ ಸಿಗುವುದಿಲ್ಲ.

ಬಿಡಿ ದೂರಿಗೆ ರೈಲ್ವೆಯ ದೂರು ಪೋರ್ಟಲ್ ರೈಲ್ ಮದದ್ ಅಥವಾ ಸಹಾಯವಾಣಿ 139 ಇದೆ. ಟಿಕೆಟ್ ಅಥವಾ ಪಾಸ್ ಮೇಲಿನ ಯುಟಿಎಸ್ ಸಂಖ್ಯೆ (ಕಾಯ್ದಿರಿಸದ ಟಿಕೆಟ್ ಸಂಖ್ಯೆ) ಕೈಯಲ್ಲಿರಲಿ. ಒಂದು ದೂರಿನಲ್ಲಿ ಒಂದೇ ವಿಷಯ ಬರೆಯಿರಿ. ತಡ, ನೂಕುನುಗ್ಗಲು, ನೀರಿಲ್ಲದ ಶೌಚಾಲಯ ಮೂರನ್ನೂ ಒಟ್ಟಿಗೆ ಬರೆದರೆ ಶೌಚಾಲಯಕ್ಕೆ ಉತ್ತರ ಕೊಟ್ಟು ಮೂರನ್ನೂ ಮುಚ್ಚಿಬಿಡುತ್ತಾರೆ. ಮುಗಿದ ಮೇಲೆ ಬರುವ ಅಭಿಪ್ರಾಯದ ಲಿಂಕ್‌ನಲ್ಲಿ "ಅತೃಪ್ತಿಕರ" ಎಂದು ಒತ್ತಿ, ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಸೇರಿಸಿ.

ತಿಂಗಳ ಪಟ್ಟಿ ಹೋಗಬೇಕಾದದ್ದು ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕ) ಕಚೇರಿಗೆ, ಸಾಧ್ಯವಾದಷ್ಟು ಪಾಸ್‌ದಾರರ ಸಹಿಯೊಂದಿಗೆ. ಇಲ್ಲಿ ಬಹಳ ಜನ ವಿಳಾಸ ತಪ್ಪುತ್ತಾರೆ. ನೈಋತ್ಯ ರೈಲ್ವೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂಬ ಮೂರು ವಿಭಾಗ. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗದ್ದು, ಕಲಬುರಗಿ ಸೊಲ್ಲಾಪುರದ್ದು. ಗಾಡಿ ತಡವಾಗುವ ಜಾಗ ಯಾವ ವಿಭಾಗದಲ್ಲಿದೆಯೋ ಅಲ್ಲಿಗೆ ಬರೆಯಿರಿ, ಪ್ರತಿಯನ್ನು ಸಂಸದರಿಗೂ ಕಳಿಸಿ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿ. ಅಲ್ಲಿ ವಿಲೇವಾರಿಗೆ 21 ದಿನದ ಗಡುವಿದೆ. ಉತ್ತರ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ಇವೆಲ್ಲಕ್ಕಿಂತ ಹರಿತವಾದದ್ದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಏಕೆ ತಡ?" ಎಂದು ಕೇಳಬೇಡಿ, ವಿವರಣೆ ಕೊಡುವ ಹೊಣೆ ಕಾಯ್ದೆಯಲ್ಲಿಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಿ: ಇಂಥ ಸಂಖ್ಯೆಯ ಗಾಡಿ ಕಳೆದ 90 ದಿನ ಬಿಡದಿಗೆ ಬಂದ ಮತ್ತು ಹೊರಟ ನಿಜ ಸಮಯದ ಪಟ್ಟಿ, ಪ್ರತಿ ವಿಳಂಬಕ್ಕೂ ದಾಖಲಾದ ಕಾರಣದ ಪ್ರತಿ. ಅವರ ಕಾಗದವೇ ನಿಮ್ಮ ನೋಟ್‌ಬುಕ್ಕನ್ನು ಒಪ್ಪಿದರೆ ವಾದಕ್ಕೆ ಉಳಿಯುವುದೇನೂ ಇಲ್ಲ.

ಇನ್ನು ದರ. 2025ರ ಜುಲೈ 1ರಂದೂ ಡಿಸೆಂಬರ್ 26ರಂದೂ ರೈಲು ದರ ಏರಿತು, ಆದರೆ ಎರಡು ಸಲವೂ ಮಾಸಿಕ ಪಾಸ್ ದರವನ್ನು ಮುಟ್ಟಲಿಲ್ಲ. ದಿನದ ಟಿಕೆಟ್‌ನವರಿಗೆ ನಿಜವಾಗಿ ಹೊಡೆತ ಬೀಳುವುದು ಗಾಡಿಯ ದರ್ಜೆ ಬದಲಾದಾಗ. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿದ್ದರಿಂದ ಕನಿಷ್ಠ ಟಿಕೆಟ್ 10ರಿಂದ 30 ರೂಪಾಯಿಗೆ ಹಾರಿತ್ತು. ಇಳಿದದ್ದು 2024ರ ಫೆಬ್ರವರಿ ಕೊನೆಯಲ್ಲಿ. ಆದ್ದರಿಂದ ಟಿಕೆಟ್ ತೆಗೆಯುವಾಗ ಆರ್ಡಿನರಿಯೋ, ಮೇಲ್/ಎಕ್ಸ್‌ಪ್ರೆಸ್ಸೋ ನೋಡಿ ಒತ್ತಿ. ಆರ್ಡಿನರಿ ಟಿಕೆಟ್‌ನಲ್ಲಿ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಗಾಡಿ ಸಂಖ್ಯೆ 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ಪಾಸ್ ಇದ್ದರೂ ಅದರ ಶುಲ್ಕ ಬೇರೆ ಕಟ್ಟಬೇಕು. ಖಾಯಂ ಓಡಾಡುವವರು ಮೂರು ತಿಂಗಳ ಪಾಸ್ ಮಾಡಿಸಿಕೊಳ್ಳಿ: ದರ ಮಾಸಿಕ ಪಾಸ್‌ನ 2.7 ಪಟ್ಟು, ಅಂದರೆ ಹತ್ತರಲ್ಲಿ ಒಂದು ಭಾಗ ಉಳಿತಾಯ. ಪಾಸ್ ಸಿಗುವುದು 150 ಕಿ.ಮೀ.ವರೆಗೆ ಮಾತ್ರ.

ತಡದಿಂದ ದೊಡ್ಡ ನಷ್ಟವೇ ಆಗಿದ್ದರೆ, ಪರೀಕ್ಷೆಯೋ ವಿಮಾನವೋ ತಪ್ಪಿದ್ದರೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ನಾಲ್ಕು ಗಂಟೆ ತಡವಾಗಿ ಜಮ್ಮು ತಲುಪಿ ವಿಮಾನ ತಪ್ಪಿಸಿಕೊಂಡ ಪ್ರಯಾಣಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ವಿಳಂಬ ತನ್ನ ಕೈಮೀರಿದ್ದೆಂದು ರೈಲ್ವೆ ಸಾಬೀತು ಮಾಡದಿದ್ದರೆ ಪರಿಹಾರ ಕೊಡಬೇಕು. ಅರ್ಜಿಯ ಜೊತೆ ಟಿಕೆಟ್, ಅಂದಿನ ಸ್ಕ್ರೀನ್‌ಶಾಟ್, ನಷ್ಟದ ರಸೀದಿ ಮೂರೂ ಇರಲಿ.